ಕಣ್ಣಿನ ತಪ್ಪು, ತಿರುಪಿನ ತಪ್ಪು: ಗಿಡ್ಡ ಕೋವಿಯ ಮೇಲೆ ರೆಡ್ ಡಾಟ್ ಮತ್ತು ಲೇಸರ್

ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ ಕೇರಳದ ಇರಿಟ್ಟಿ ಕಡೆಗೆ ಇಳಿಯುವ ಘಾಟಿ ರಸ್ತೆಯಲ್ಲಿ ಮಾಕುಟ್ಟ ನಮ್ಮ ರಾಜ್ಯದ ಕೊನೆಯ ಊರು. ಚೆಕ್‌ಪೋಸ್ಟ್ ಆದಮೇಲೆ ಕೂಟುಪುಳ ಸೇತುವೆ, ಅದರಾಚೆ ಕಣ್ಣೂರು ಜಿಲ್ಲೆ. ರಸ್ತೆ ಬಿಟ್ಟು ಒಳಗೆ ಹೋದರೆ ದಟ್ಟ ನಿತ್ಯಹರಿದ್ವರ್ಣ ಕಾಡು. ಮಳೆಗಾಲದಲ್ಲಿ ಅದರ ಮೇಲೆ ಮಂಜು ಬೇರೆ. ಕೊಡಗು-ಕೇರಳ ಗಡಿಯ ಇಂಥ ಕಾಡುಗಳಲ್ಲಿ ನಕ್ಸಲ್ ನಿಗ್ರಹ ಪಡೆ ಹಲವು ವರ್ಷ ಕೂಂಬಿಂಗ್ ನಡೆಸಿದೆ. ಬಳ್ಳಿ, ಬಿದಿರುಗಳ ನಡುವೆ ಉದ್ದ ನಳಿಕೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಇಂಥ ಜಾಗಕ್ಕೆ ಗಿಡ್ಡ ಕೋವಿ, ಅಂದರೆ ಕಾರ್ಬೈನ್, ಹೇಳಿ ಮಾಡಿಸಿದ್ದು. ಆದರೆ ಕೋವಿ ಗಿಡ್ಡ ಆದಷ್ಟೂ ಗುರಿ ಹಿಡಿಯುವುದು ಕಷ್ಟ. ಯಾಕೆ? ಅದರ ಮೇಲೆ ಒಂದು ಆಪ್ಟಿಕ್ ಅಥವಾ ಲೇಸರ್ ಕೂರಿಸಿದರೆ ಆ ಕಷ್ಟ ಎಲ್ಲಿಗೆ ಹೋಗುತ್ತದೆ? ಈ ಪಾಠದಲ್ಲಿ ನಾವು ನೋಡುವುದು ಇಷ್ಟನ್ನೇ. ಬೇಕಾಗಿರುವುದು ಮೊದಲ ವರ್ಷದ ಭೌತಶಾಸ್ತ್ರ ಮತ್ತು ಒಂದು ಎ4 ಹಾಳೆ.

೧. ಕಚ್ಚು ಮತ್ತು ಮೊನೆ

ಕೊಡಗಿನಲ್ಲಿ ಕೋವಿ ಮನೆಯ ವಸ್ತು. ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದ್ ಹಬ್ಬದಲ್ಲಿ ಅದಕ್ಕೆ ತೋಕ್ ಪೂ ಮುಡಿಸಿ ಪೂಜೆ ಮಾಡುತ್ತಾರೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಸಾಮಾನ್ಯ ಕೋವಿಯಲ್ಲಿ ಗುರಿಗೆ ಇರುವುದು ಎರಡೇ ಗುರುತು: ಕಣ್ಣಿನ ಹತ್ತಿರ ಒಂದು ಕಚ್ಚು, ನಳಿಕೆಯ ತುದಿಯಲ್ಲಿ ಒಂದು ಮೊನೆ. ಕಚ್ಚು, ಮೊನೆ, ಕಾಯಿ ಮೂರೂ ಒಂದೇ ಗೆರೆಗೆ ಬರಬೇಕು.

ಇಲ್ಲಿ ಕಣ್ಣು ಮಾಡುವ ತಪ್ಪನ್ನು ಲೆಕ್ಕ ಹಾಕೋಣ. ಉದ್ದ ರೈಫಲ್‌ನಲ್ಲಿ ಕಚ್ಚಿಗೂ ಮೊನೆಗೂ 60 ಸೆಂ.ಮೀ. ಅಂತರ ಅಂತ ಇಟ್ಟುಕೊಳ್ಳಿ. ಮೊನೆ ಅರ್ಧ ಮಿ.ಮೀ. ಆಚೀಚೆ ಆದರೆ 25 ಮೀಟರ್ ದೂರದಲ್ಲಿ ಗುರಿ ತಪ್ಪುವುದು ಸುಮಾರು 2 ಸೆಂ.ಮೀ. ಕಾಯಿ ಒಡೆಯುತ್ತದೆ. ಅದೇ ಅಂತರ ಪಿಸ್ತೂಲಿನಲ್ಲಿ 16 ಸೆಂ.ಮೀ. ಆದರೆ? ಅದೇ ಅರ್ಧ ಮಿ.ಮೀ. ತಪ್ಪಿಗೆ ಸುಮಾರು 8 ಸೆಂ.ಮೀ. ಕಾಯಿ ಹಾಗೇ ಕೂತಿರುತ್ತದೆ. ತಪ್ಪು ಬದಲಾಗಲಿಲ್ಲ, ಆಧಾರದ ಉದ್ದ ಬದಲಾಯಿತು. ಸರ್ವೆ ಕ್ಲಾಸಿನಲ್ಲಿ ಬೇಸ್‌ಲೈನ್ ಚಿಕ್ಕದಾದರೆ ಕೋನ ಕೆಡುತ್ತದೆ ಅಂತ ಕಲಿಯುತ್ತೇವಲ್ಲ, ಅದೇ ಕತೆ. ಒಲಿಂಪಿಕ್ಸ್‌ನ 10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಇವತ್ತಿಗೂ ಆಪ್ಟಿಕ್ ನಿಷಿದ್ಧ. ಈ ಕಷ್ಟವನ್ನು ಗೆಲ್ಲುವುದೇ ಅಲ್ಲಿನ ಆಟ.

೨. ರೆಡ್ ಡಾಟ್ ಏನು ಮಾಡುತ್ತದೆ?

ರೆಡ್ ಡಾಟ್ ಸೈಟ್‌ನೊಳಗೆ ಒಂದು ಪುಟ್ಟ ಎಲ್‌ಇಡಿ, ಎದುರಿಗೆ ಒಂದು ಬಾಗಿದ ಗಾಜು. ಗಾಜಿನ ಮೇಲಿನ ತೆಳು ಲೇಪನ ಕೆಂಪು ಬೆಳಕನ್ನು ಮಾತ್ರ ವಾಪಸ್ ಕಳಿಸುತ್ತದೆ, ಉಳಿದದ್ದನ್ನು ಒಳಗೆ ಬಿಡುತ್ತದೆ. ಎಲ್‌ಇಡಿ ಸರಿಯಾಗಿ ಆ ಗಾಜಿನ ಫೋಕಸ್‌ನಲ್ಲಿ ಕೂತಿರುವುದರಿಂದ ವಾಪಸ್ ಬರುವ ಕಿರಣಗಳು ಸಮಾನಾಂತರ. ಹಾಗಾಗಿ ಚುಕ್ಕೆ ಗಾಜಿನ ಮೇಲೆ ಇದ್ದಂತೆ ಕಾಣದೆ, ದೂರದ ಗುರಿಯ ಮೇಲೇ ಇದ್ದಂತೆ ಕಾಣುತ್ತದೆ. ತಲೆ ಸ್ವಲ್ಪ ಆಚೀಚೆ ಆದರೂ ಚುಕ್ಕೆ ತೋರಿಸುವ ದಿಕ್ಕು ಬದಲಾಗುವುದಿಲ್ಲ. ತೀರಾ ಹತ್ತಿರದ ಗುರಿಯಲ್ಲಿ ಮಾತ್ರ ಒಂದಿಷ್ಟು ಪ್ಯಾರಲಾಕ್ಸ್ ಉಳಿಯುತ್ತದೆ. ಈ ಉಪಾಯಕ್ಕೆ 1900ರಲ್ಲೇ ಡಬ್ಲಿನ್‌ನ ಹೊವರ್ಡ್ ಗ್ರಬ್ ಪೇಟೆಂಟ್ ಪಡೆದಿದ್ದ. ಆತ ದೂರದರ್ಶಕ ಮಾಡುವ ಮನುಷ್ಯ. ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿ 1970ರ ದಶಕದಲ್ಲಿ ಅದಕ್ಕೆ ಎಲೆಕ್ಟ್ರಾನಿಕ್ ರೂಪ ಕೊಟ್ಟಿತು.

ಈಗ ಕಣ್ಣು ಕಚ್ಚು-ಮೊನೆ ಹೊಂದಿಸುವ ಕೆಲಸವೇ ಇಲ್ಲ. ಚುಕ್ಕೆ ಗುರಿಯ ಮೇಲೆ ಬಂತಾ, ಸಾಕು. ಗಿಡ್ಡ ಕೋವಿಗೆ ರೆಡ್ ಡಾಟ್ ಅಷ್ಟು ಹೊಂದುವುದು ಇದಕ್ಕೇ. ನಮ್ಮಲ್ಲೇ ಪುಣೆಯ ಎಆರ್‌ಡಿಇ ವಿನ್ಯಾಸ ಮಾಡಿದ 5.56×30 ಮಿ.ಮೀ. ಗುಂಡಿನ ಜೆವಿಪಿಸಿ ಕಾರ್ಬೈನ್‌ನ ನೆತ್ತಿಯ ಮೇಲೆ ಆಪ್ಟಿಕ್ ಕೂರಿಸಲೆಂದೇ ರೈಲ್ ಇದೆ.

ಹಾಗಾದರೆ ತಪ್ಪು ಮಾಯವಾಯಿತೇ? ಇಲ್ಲ, ಜಾಗ ಬದಲಾಯಿಸಿತು. ಮೊದಲು ಕಣ್ಣಿನಲ್ಲಿತ್ತು, ಈಗ ಮೌಂಟ್‌ನ ತಿರುಪಿನಲ್ಲಿದೆ.

೩. ಎ4 ಹಾಳೆಯ ಪ್ರಯೋಗ

ಇದನ್ನು ನೋಡುವುದಕ್ಕೆ ಕೋವಿ ಬೇಡವೇ ಬೇಡ. ಲ್ಯಾಬ್‌ನಲ್ಲಿರುವ 1 ಮಿಲಿವ್ಯಾಟ್‌ಗಿಂತ ಕಡಿಮೆಯ ಲೇಸರ್ ತಗೊಳ್ಳಿ. ಅಂಗಡಿಯ ಅಗ್ಗದ ಪಾಯಿಂಟರ್ ಬೇಡ, ಅದರ ಚೀಟಿಯ ಮೇಲಿನ ಸಂಖ್ಯೆಯನ್ನು ನಂಬೋದು ಕಷ್ಟ. 40 ಮಿ.ಮೀ. ಉದ್ದದ ಒಂದು ಲೋಹದ ಪಟ್ಟಿಗೆ ಅದನ್ನು ಕಟ್ಟಿ, ಮೇಜಿಗೆ ಕ್ಲಾಂಪ್ ಮಾಡಿ, 10 ಮೀಟರ್ ದೂರದ ಖಾಲಿ ಗೋಡೆಗೆ ಬಿಡಿ. ಚುಕ್ಕೆಗೆ ಪೆನ್ಸಿಲ್ ಗುರುತು ಹಾಕಿ. ಈಗ ಪಟ್ಟಿಯ ಒಂದು ತುದಿಯ ಕೆಳಗೆ ಒಂದೇ ಒಂದು ಎ4 ಹಾಳೆಯ ತುಂಡು ತೂರಿಸಿ.

ಹಾಳೆಯ ದಪ್ಪ ಸುಮಾರು 0.1 ಮಿ.ಮೀ. ಕೋನ 0.1/40, ಅಂದರೆ 2.5 ಮಿಲಿರೇಡಿಯನ್. ಗೋಡೆಯ ಮೇಲೆ ಚುಕ್ಕೆ 2.5 ಸೆಂ.ಮೀ. ಜಿಗಿಯುತ್ತದೆ. 50 ಮೀಟರ್‌ನಲ್ಲಿ ಅದೇ 12.5 ಸೆಂ.ಮೀ., ಒಂದು ತೆಂಗಿನಕಾಯಿಯಷ್ಟು! ಈಗ 150 ಮಿ.ಮೀ. ಉದ್ದದ ಪಟ್ಟಿ ಹಾಕಿ ಅದನ್ನೇ ಮಾಡಿ. 10 ಮೀಟರ್‌ನಲ್ಲಿ ಚುಕ್ಕೆ 7 ಮಿ.ಮೀ. ಕೂಡ ಸರಿಯುವುದಿಲ್ಲ.

ಗಿಡ್ಡ ಕೋವಿಗೆ ಗಿಡ್ಡ ಆಪ್ಟಿಕ್, ಗಿಡ್ಡ ಆಪ್ಟಿಕ್‌ಗೆ ಗಿಡ್ಡ ಪೀಠ. ಅದರಡಿ ಒಂದು ಚೂರು ಮಣ್ಣು, ಬಣ್ಣದ ಒಂದು ಸಿಪ್ಪೆ ಅಥವಾ ಅರ್ಧ ಸುತ್ತು ಸಡಿಲವಾದ ತಿರುಪು ಈ ಹಾಳೆಯ ಕೆಲಸ ಮಾಡುತ್ತದೆ.

೪. ಹೊಡೆತ ಯಾರು ತಡೆಯಬೇಕು?

ಪ್ರತಿ ಗುಂಡಿಗೂ ಕೋವಿ ಹಿಂದಕ್ಕೆ ಒದೆಯುತ್ತದೆ. ಆಪ್ಟಿಕ್ ಮಾತ್ರ ಜಡತ್ವದಿಂದ ಇದ್ದಲ್ಲೇ ಇರಲು ನೋಡುತ್ತದೆ. ಉದಾಹರಣೆಗೆ 100 ಗ್ರಾಂ ಆಪ್ಟಿಕ್, ಕ್ಷಣಮಾತ್ರದ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 5000 ಮೀಟರ್ ಅಂತ ಇಟ್ಟುಕೊಳ್ಳಿ. ಬಲ 500 ನ್ಯೂಟನ್. ಇದನ್ನು ಬರೀ ಘರ್ಷಣೆಯಿಂದ ತಡೆಯಬೇಕಾದರೆ, ಘರ್ಷಣಾಂಕ 0.2 ಇದ್ದಲ್ಲಿ, ತಿರುಪುಗಳು ಒಟ್ಟು 2500 ನ್ಯೂಟನ್ ಬಿಗಿ ಕೊಡಬೇಕು. ಚಿಕ್ಕ ತಿರುಪು, ಅಲ್ಯೂಮಿನಿಯಂ ಮರೆ: ಬಿಗಿ ಕಡಿಮೆಯಾದರೆ ಜಾರುತ್ತದೆ, ಜಾಸ್ತಿಯಾದರೆ ಮರೆ ಹೋಗುತ್ತದೆ.

ಅಮೆರಿಕದ ಸೇನೆ 1995ರಲ್ಲಿ ಗೊತ್ತುಮಾಡಿದ ಪಿಕಟಿನಿ ರೈಲ್‌ನ ಅಡ್ಡ ಗಾಡಿಗಳು ಇರುವುದು ಇದಕ್ಕೆ ಉತ್ತರವಾಗಿ. ಪ್ರತಿ ಗಾಡಿಯ ಅಗಲ 5.23 ಮಿ.ಮೀ., ಮಧ್ಯದಿಂದ ಮಧ್ಯಕ್ಕೆ 10.01 ಮಿ.ಮೀ. ಮೌಂಟ್‌ನ ಅಡ್ಡಪಟ್ಟಿ ಈ ಗಾಡಿಯಲ್ಲಿ ಕೂತು, ಗಾಡಿಯ ಗೋಡೆಗೆ ಒತ್ತಿಕೊಂಡಿದ್ದರೆ ಒದೆತವನ್ನು ತಡೆಯುವುದು ಆ ಗೋಡೆ. ತಿರುಪಿಗೆ ಹಿಡಿದುಕೊಳ್ಳುವ ಕೆಲಸ ಮಾತ್ರ ಉಳಿಯುತ್ತದೆ. ಮಷಿನ್ ಡಿಸೈನ್ ಕ್ಲಾಸಿನಲ್ಲಿ ಬೋಲ್ಟ್‌ಗೆ ಶಿಯರ್ ಕೊಡಬೇಡಿ ಅಂತ ಹೇಳುವುದು ಇದನ್ನೇ. ಅದಕ್ಕೇ ಬಲ್ಲವರು ಟಾರ್ಕ್ ಅಳೆದು ಬಿಗಿ ಮಾಡುತ್ತಾರೆ, ಆಮೇಲೆ ತಿರುಪಿನ ತಲೆಯಿಂದ ಮೌಂಟ್‌ವರೆಗೆ ಬಣ್ಣದ ಒಂದು ಗೆರೆ ಎಳೆಯುತ್ತಾರೆ. ಗೆರೆ ಮುರಿದಿದ್ದರೆ ತಿರುಪು ಸಡಿಲ ಅಂತ ದೂರದಿಂದಲೇ ಗೊತ್ತಾಗುತ್ತದೆ. ನಮ್ಮ ಪ್ರಾಜೆಕ್ಟ್‌ಗಳ ಮೋಟಾರ್ ಮೌಂಟ್‌ಗೂ ಮಾಡಬಹುದಾದ ಕೆಲಸ ಇದು.

೫. ಲೇಸರ್ ಎಂಬ ಎರಡನೇ ಗೆರೆ

ಲೇಸರ್ ಚುಕ್ಕೆ ಎಲ್ಲಿದೆಯೋ ಗುಂಡು ಅಲ್ಲೇ ಹೋಗುತ್ತದೆ ಅನ್ನುವುದು ಸಿನಿಮಾ ನಂಬಿಕೆ. ಲೇಸರ್ ಇರುವುದು ನಳಿಕೆಯ ಪಕ್ಕದಲ್ಲೋ ಕೆಳಗೋ, ಹಾಗಾಗಿ ಗೆರೆಗಳು ಎರಡು. ನಳಿಕೆಯ ಬಲಕ್ಕೆ 4 ಸೆಂ.ಮೀ. ದೂರದಲ್ಲಿರುವ ಲೇಸರ್ ಅನ್ನು 20 ಮೀಟರ್‌ನಲ್ಲಿ ಸೇರುವಂತೆ ಹೊಂದಿಸಿದರೆ 10 ಮೀಟರ್‌ನಲ್ಲಿ ಚುಕ್ಕೆ 2 ಸೆಂ.ಮೀ. ಬಲಕ್ಕೆ, 40ರಲ್ಲಿ 4 ಸೆಂ.ಮೀ. ಎಡಕ್ಕೆ, 100ರಲ್ಲಿ 16 ಸೆಂ.ಮೀ. ಎಡಕ್ಕೆ. ಎರಡು ಗೆರೆ ಕೂಡುವುದು ಒಂದೇ ಕಡೆ. ಸಮಾನಾಂತರವಾಗಿ ಇಟ್ಟರೆ ಎಲ್ಲೂ ಕೂಡುವುದಿಲ್ಲ, ಆದರೆ ಅಂತರ ಎಲ್ಲ ಕಡೆ 4 ಸೆಂ.ಮೀ.ಗೇ ನಿಲ್ಲುತ್ತದೆ. ಇದರ ಮೇಲೆ ಗುರುತ್ವದಿಂದ ಗುಂಡು ಕೆಳಗೆ ಬಾಗುವುದು ಬೇರೆ. ಬೆಳಕು ಹಾಗೆ ಬಾಗುವುದಿಲ್ಲ.

ಬಣ್ಣದ ವಿಷಯ. ನಮ್ಮ ಕಣ್ಣಿಗೆ ಹಗಲಲ್ಲಿ 555 ನ್ಯಾನೋಮೀಟರ್ ಹತ್ತಿರದ ಹಸಿರು ಅತಿ ಚೆನ್ನಾಗಿ ಕಾಣುತ್ತದೆ. ಅದೇ ಶಕ್ತಿಯ 532ರ ಹಸಿರು ಲೇಸರ್ 650ರ ಕೆಂಪಿಗಿಂತ ಸುಮಾರು 8 ಪಟ್ಟು ಪ್ರಖರವಾಗಿ ಕಾಣುವುದು ಅದಕ್ಕೆ. ಇನ್ನು ಮಾಕುಟ್ಟದ ಮಂಜಿನಲ್ಲಿ? ಕೆಂಪು ಬೆಳಕು ಮಂಜನ್ನು ಸೀಳುತ್ತದೆ ಅಂತ ಹೇಳುವವರುಂಟು. ಮಂಜಿನ ಹನಿ ಬೆಳಕಿನ ತರಂಗಕ್ಕಿಂತ ಹತ್ತಾರು ಪಟ್ಟು ದೊಡ್ಡದು. ಅದು ಕೆಂಪು-ಹಸಿರು ಎರಡನ್ನೂ ಹೆಚ್ಚುಕಡಿಮೆ ಒಂದೇ ಥರ ಚದುರಿಸುತ್ತದೆ. ಗುರಿಯ ಮೇಲೆ ಚುಕ್ಕೆ ಮಸುಕು, ನಡುವೆ ಮಾತ್ರ ಉದ್ದ ಹೊಳೆಯುವ ಗೆರೆ. ಆ ಗೆರೆ ಎದುರಿನವನಿಗೂ ಕಾಣುತ್ತದೆ, ಹಿಡಿದವನು ಎಲ್ಲಿದ್ದಾನೆ ಅಂತ ಹೇಳಿಬಿಡುತ್ತದೆ.

೬. ಚುಕ್ಕೆ ಹೇಳದ ಮಾತು

ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಶಸ್ತ್ರಾಸ್ತ್ರ ಕಾಯ್ದೆ 1959ರ 41ನೇ ಕಲಂ ಅಡಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಆದರೆ ಕೋವಿಯನ್ನು ರಿಪೇರಿ ಮಾಡಲು, ಮಾರ್ಪಡಿಸಲು ಅದೇ ಕಾಯ್ದೆಯ 5ನೇ ಕಲಂ ಪ್ರಕಾರ ಬೇರೆ ಲೈಸೆನ್ಸ್ ಬೇಕು. ಮನೆಯ ಕೋವಿಗೆ ಕಾಲೇಜ್ ವರ್ಕ್‌ಶಾಪ್‌ನಲ್ಲಿ ತೂತು ಕೊರೆದು ಮೌಂಟ್ ಕೂರಿಸೋಣ ಅಂತ ಯಾರಾದರೂ ಅಂದರೆ, ಬೇಡ ಅನ್ನಿ. ರಾತ್ರಿ ಕಾಡಿನಲ್ಲಿ ಬೇಟೆಗಂತೂ 1972ರ ವನ್ಯಜೀವಿ ಕಾಯ್ದೆ ಬಾಗಿಲು ಹಾಕಿ ಆಗಿದೆ.

ಕಾನೂನಿಗಿಂತ ದೊಡ್ಡ ಮಾತು ಇನ್ನೊಂದಿದೆ. ಹಂದಿ ಅಂತ ತಿಳಿದು ಪೊದೆಯ ಕಡೆ ಹೊಡೆದ ಗುಂಡು ಮನುಷ್ಯನಿಗೆ ತಾಗಿದ ಸುದ್ದಿಯನ್ನು ಕೊಡಗು, ಮಲೆನಾಡಿನ ಕಡೆಯವರೆಲ್ಲ ಪತ್ರಿಕೆಯಲ್ಲಿ ಓದಿಯೇ ಇರುತ್ತೇವೆ. ಅಂಥ ಕಡೆ ಗುರಿ ತಪ್ಪಿರಲಿಲ್ಲ, ಗುರುತು ತಪ್ಪಿತ್ತು. ಆಪ್ಟಿಕ್ ಕಣ್ಣಿನ ತಪ್ಪನ್ನು ಕಡಿಮೆ ಮಾಡುತ್ತದೆ. ಒಳ್ಳೆ ಮೌಂಟ್ ತಿರುಪಿನ ತಪ್ಪನ್ನು ಕಡಿಮೆ ಮಾಡುತ್ತದೆ. ಪೊದೆಯ ಹಿಂದೆ ಯಾರಿದ್ದಾರೆ ಅನ್ನುವುದನ್ನು ಇವೆರಡೂ ಹೇಳುವುದಿಲ್ಲ. ಅದನ್ನು ನೋಡಿ ತಿಳಿಯುವ ಕೆಲಸ ಕೋವಿ ಹಿಡಿದವನದ್ದೇ.