ಖಾಸಗಿ ಸೇವಾ ಕೇಂದ್ರಗಳಲ್ಲಿ ಸರ್ಕಾರಿ ಅರ್ಜಿ: ರೈತರು ವಹಿಸಬೇಕಾದ ಎಚ್ಚರಿಕೆ

ಪಹಣಿಯ ಒಂದು ಪ್ರತಿಗಾಗಿ ರೈತರು ಗ್ರಾಮ ಲೆಕ್ಕಿಗರನ್ನು ಹುಡುಕಿಕೊಂಡು ಅಲೆಯಬೇಕಾಗಿದ್ದ ಕಾಲವೊಂದಿತ್ತು. ಕರ್ನಾಟಕದ 'ಭೂಮಿ' ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದವು. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಅಚ್ಚಾದ ಪ್ರತಿ ಸಿಗತೊಡಗಿತು. ಆದರೆ ಹಲವು ಹಳ್ಳಿಗಳಿಗೆ ತಾಲ್ಲೂಕು ಕಚೇರಿಯೂ ದೂರವೇ. ಈ ಕೊರತೆ ನೀಗಲು 2006ರ ಸುಮಾರಿಗೆ ಹೋಬಳಿ ಮಟ್ಟದಲ್ಲಿ ಸುಮಾರು 800 'ನೆಮ್ಮದಿ' ಕೇಂದ್ರಗಳು ಖಾಸಗಿ ಸಹಭಾಗಿತ್ವದಲ್ಲಿ ಆರಂಭವಾದವು. 2012ರಲ್ಲಿ ಆ ಕೆಲಸ ನಾಡಕಚೇರಿಗಳ ಅಟಲ್‌ಜೀ ಜನಸ್ನೇಹಿ ಕೇಂದ್ರಗಳಿಗೆ, ಅಂದರೆ ಸರ್ಕಾರದ ಕೈಗೇ, ಮರಳಿತು. 2022ರಲ್ಲಿ ಬಂದ 'ಗ್ರಾಮ ಒನ್' ಕೇಂದ್ರಗಳನ್ನು ಮತ್ತೆ ಖಾಸಗಿಯವರೇ ನಡೆಸುತ್ತಾರೆ.

ಯಾರ ಕೆಲಸ ಯಾವುದು?

ಕೇಂದ್ರದವರು ಅರ್ಜಿ ತುಂಬುತ್ತಾರೆ, ದಾಖಲೆಗಳನ್ನು ಸೇರಿಸುತ್ತಾರೆ, ಬೆರಳಚ್ಚು ಪಡೆಯುತ್ತಾರೆ. ಅರ್ಜಿಯನ್ನು ಮಂಜೂರು ಮಾಡುವ ಅಥವಾ ತಿರಸ್ಕರಿಸುವ ಅಧಿಕಾರ ಅವರಿಗಿಲ್ಲ. ಅದು ಸಂಬಂಧಪಟ್ಟ ಇಲಾಖೆಯದು. ಊರಿನಲ್ಲೇ ಕೆಲಸವಾಗುವುದು ಈ ವ್ಯವಸ್ಥೆಯ ದೊಡ್ಡ ಅನುಕೂಲ. ಆದರೆ ಅರ್ಜಿಗೆ ಇಷ್ಟೆಂದು ಸಂಪಾದನೆ ಇರುವೆಡೆ ಅವಸರವೂ ಇರುತ್ತದೆ. ಅವಸರದಲ್ಲಿ ಆದ ತಪ್ಪಿನ ನಷ್ಟ ರೈತನ ಪಾಲಿಗೆ ಬರುತ್ತದೆ.

ಬೆಳೆ ವಿಮೆಯ ಉದಾಹರಣೆ

2016ರಲ್ಲಿ ಜಾರಿಗೆ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಆಹಾರ ಮತ್ತು ಎಣ್ಣೆಕಾಳು ಬೆಳೆಗಳಿಗೆ ರೈತರ ಕಂತು ವಿಮಾ ಮೊತ್ತದ ಮೇಲೆ ಮುಂಗಾರಿಗೆ ಶೇ. 2, ಹಿಂಗಾರಿಗೆ ಶೇ. 1.5. ವಾರ್ಷಿಕ ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗಳಿಗೆ ಶೇ. 5. ರೈತನೊಬ್ಬ ತೊಗರಿ ಬಿತ್ತಿದ್ದಾನೆ, ಕೇಂದ್ರದಲ್ಲಿ ಹೆಸರು ಬೆಳೆ ಎಂದು ನಮೂದಾಗಿದೆ ಎನ್ನೋಣ. ಬೆಳೆ ಸಮೀಕ್ಷೆಯಲ್ಲಿ ತೊಗರಿ ದಾಖಲಾಗುತ್ತದೆ. ಎರಡೂ ತಾಳೆಯಾಗದೆ ಪರಿಹಾರ ನಿಲ್ಲಬಹುದು. ಆಗ ಕೇಂದ್ರದವರು ಬ್ಯಾಂಕನ್ನೂ, ಬ್ಯಾಂಕಿನವರು ವಿಮಾ ಕಂಪನಿಯನ್ನೂ ತೋರಿಸಿದರೆ ರೈತನ ನೆರವಿಗೆ ಬರುವುದು ಅವನ ಕೈಯಲ್ಲಿರುವ ರಸೀದಿಯೊಂದೇ.

ರೈತರು ಅನುಸರಿಸಬೇಕಾದ ಕ್ರಮಗಳು

1. ಅರ್ಜಿ ಸಲ್ಲಿಸುವ ಮೊದಲು ಹೆಸರು, ಸರ್ವೆ ನಂಬರು, ಹಿಸ್ಸಾ, ಬೆಳೆ, ವಿಸ್ತೀರ್ಣ ಹಾಗೂ ಬ್ಯಾಂಕ್ ಖಾತೆ ಸಂಖ್ಯೆಯನ್ನು ಓದಿಸಿ ಕೇಳಬೇಕು. ಓದು ಬಾರದವರು ಮನೆಯ ಓದುಬಲ್ಲ ಮಕ್ಕಳನ್ನು ಕರೆದೊಯ್ಯುವುದು ಒಳ್ಳೆಯದು.

2. ಅರ್ಜಿ ಸಂಖ್ಯೆಯಿರುವ ರಸೀದಿ ಪಡೆಯದೆ ಕೇಂದ್ರದಿಂದ ಹೊರಡಬಾರದು. ಅದನ್ನು ಪಹಣಿಯೊಡನೆ ಜೋಪಾನವಾಗಿಡಬೇಕು.

3. ಶುಲ್ಕವೆಷ್ಟೆಂದು ಮೊದಲೇ ಕೇಳಿ, ಕೊಟ್ಟ ಹಣಕ್ಕೆ ರಸೀದಿ ಪಡೆಯಬೇಕು.

4. ಬೆರಳಚ್ಚನ್ನು ಯಾವ ಕೆಲಸಕ್ಕೆಂದು ತಿಳಿದ ನಂತರವೇ ಕೊಡಬೇಕು. ಮೊಬೈಲಿಗೆ ಬರುವ ಗುಪ್ತ ಸಂಖ್ಯೆಯನ್ನು ಅಪರಿಚಿತರಿಗೆ ಹೇಳಬಾರದು.

5. ಆಲಿಕಲ್ಲು ಮಳೆ ಅಥವಾ ಹೊಲಕ್ಕೆ ನೀರು ನುಗ್ಗಿ ವಿಮೆ ಮಾಡಿಸಿದ ಬೆಳೆ ಹಾಳಾದರೆ 72 ಗಂಟೆಗಳೊಳಗೆ ತಿಳಿಸಬೇಕು.

6. ತಪ್ಪು ಕಂಡುಬಂದರೆ ಬಾಯಿಮಾತಿನಲ್ಲಿ ಹೇಳಿ ಸುಮ್ಮನಿರಬಾರದು. ಬೆಳೆಗೆ ಸಂಬಂಧಿಸಿದ್ದಾದರೆ ರೈತ ಸಂಪರ್ಕ ಕೇಂದ್ರಕ್ಕೆ, ಪಹಣಿ ಅಥವಾ ಪಿಂಚಣಿಯದಾದರೆ ತಹಶೀಲ್ದಾರರಿಗೆ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿ ಪಡೆಯಬೇಕು.

ಬಿತ್ತುವ ಮುನ್ನ ಬೀಜವನ್ನು ಪರೀಕ್ಷಿಸುವ ರೈತರು ಅರ್ಜಿಯನ್ನೂ ಹಾಗೆಯೇ ಪರೀಕ್ಷಿಸುವ ರೂಢಿ ಬೆಳೆಸಿಕೊಳ್ಳಬೇಕು. ಕೇಂದ್ರದಲ್ಲಿ ಕಳೆದ ಹತ್ತು ನಿಮಿಷ ಮುಂದಿನ ಹತ್ತಾರು ದಿನಗಳ ಅಲೆದಾಟವನ್ನು ತಪ್ಪಿಸಬಲ್ಲದು.