ಸ್ಟಿಯರಿಂಗ್ ಗಟ್ಟಿಯಾದ್ರೆ ಮೊದಲು ಬ್ಯಾಟರಿ ನೋಡಿ

ಒಮಾನಿನ ಜಬಲ್ ಅಖ್ದರ್ ಬೆಟ್ಟ ಹತ್ತಬೇಕಾದ್ರೆ ಗಾಡಿ ಫೋರ್ ವೀಲ್ ಡ್ರೈವ್ ಇರಲೇಬೇಕು. ಕೆಳಗೆ ಬಿರ್ಕತ್ ಅಲ್ ಮೌಜ್ ಬಳಿ ಪೊಲೀಸರು ನೋಡಿಯೇ ಬಿಡ್ತಾರೆ. ಗಿಡಗಳ ಸ್ಯಾಂಪಲ್ ತಗೊಂಡು ಇಳೀತಿದ್ದಾಗ ನಮ್ಮ ಪಿಕಪ್‌ನ ಸ್ಟಿಯರಿಂಗ್ ಇದ್ದಕ್ಕಿದ್ದಂತೆ ಗಟ್ಟಿಯಾಯ್ತು, ಎಚ್ಚರಿಕೆಯ ದೀಪ ಹತ್ತಿತು.

ಗಾಬರಿ ಬೇಡ. ಎಲೆಕ್ಟ್ರಿಕ್ ಪವರ್ ಸ್ಟಿಯರಿಂಗ್‌ನಲ್ಲಿ ಮೋಟಾರು ನಮ್ಮ ಕೈಗೆ ಬಲ ಕೊಡುತ್ತೆ, ಅಷ್ಟೆ. ಅದು ನಿಂತರೂ ಇಂಥ ಪಿಕಪ್‌ಗಳಲ್ಲಿ ಸ್ಟಿಯರಿಂಗಿಗೂ ಚಕ್ರಕ್ಕೂ ಲೋಹದ ಕೊಂಡಿ ಇರುತ್ತೆ. ವೇಗ ತಗ್ಗಿಸಿ, ಎರಡೂ ಕೈಯಲ್ಲಿ ಬಲವಾಗಿ ತಿರುಗಿಸಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ.

ಆಮೇಲೆ ಪರೀಕ್ಷೆ. ಈ ಮೋಟಾರು ಒಮ್ಮೊಮ್ಮೆ ಹತ್ತಾರು ಆಂಪಿಯರ್ ಕರೆಂಟ್ ಎಳೆಯುತ್ತೆ. ಹಾಗಾಗಿ ಮೊದಲು ಬ್ಯಾಟರಿ ವೋಲ್ಟೇಜ್ ನೋಡಿ: ಎಂಜಿನ್ ಆಫ್ ಇದ್ದಾಗ ಸುಮಾರು 12.6, ಓಡುವಾಗ ಸಾಮಾನ್ಯವಾಗಿ 13.5ರಿಂದ 14.5. ನಂತರ ಟರ್ಮಿನಲ್, ಅರ್ತ್ ವೈರು, ಫ್ಯೂಸು. ಆಮೇಲೆ ಸ್ಕ್ಯಾನರ್. ಅದರ ಕೋಡು ಟಾರ್ಕ್ ಸೆನ್ಸರ್ ಕಡೆ ಹುಡುಕಬೇಕೋ, ಮೋಟಾರಿನ ಕಡೆಗೋ ಅಂತ ದಾರಿ ತೋರಿಸುತ್ತೆ.

ಒಂದು ಗ್ಯಾರೇಜಿನವರು ನಮಗೆ ಇಡೀ ಸ್ಟಿಯರಿಂಗ್ ರ‍್ಯಾಕ್ ಬದಲಿಸಿ ಅಂದಿದ್ರು. ಕೊನೆಗೆ ನೋಡಿದ್ರೆ ಸಡಿಲವಾಗಿದ್ದದ್ದು ಬ್ಯಾಟರಿಯ ಟರ್ಮಿನಲ್! ಜೀವಶಾಸ್ತ್ರದ ಮಾತಲ್ಲಿ ಹೇಳೋದಾದ್ರೆ, ಸ್ನಾಯು ಗಟ್ಟಿಮುಟ್ಟಾಗೇ ಇತ್ತು; ಅದಕ್ಕೆ ರಕ್ತ ತಲುಪ್ತಿರಲಿಲ್ಲ.