ದೂರದ ಯಾತ್ರೆ, ಹತ್ತಿರದ ಯಾತ್ರೆ

ಯೇಸುಸ್ವಾಮಿಯ ಬಾಲ್ಯದ ಬಗ್ಗೆ ಶುಭಸಂದೇಶಗಳಲ್ಲಿ ಸಿಗುವ ಸಂಗತಿಗಳು ಬಹಳ ಕಡಿಮೆ. ಅವುಗಳಲ್ಲಿ ಒಂದು ಪ್ರಯಾಣದ್ದು. ಜೋಸೆಫರೂ ಮಾತೆ ಮರಿಯಳೂ ಪ್ರತಿ ವರ್ಷ ಪಾಸ್ಖ ಹಬ್ಬಕ್ಕೆ ಜೆರುಸಲೇಮಿಗೆ ಹೋಗುತ್ತಿದ್ದರೆಂದು ಸಂತ ಲೂಕನು ಬರೆಯುತ್ತಾನೆ (ಲೂಕ 2:41). ಹನ್ನೆರಡು ವರ್ಷದ ಬಾಲಯೇಸು ದೇವಾಲಯದಲ್ಲಿ ಉಳಿದುಕೊಂಡ ಪ್ರಸಂಗ ನಮಗೆಲ್ಲ ಗೊತ್ತು. ಆದರೆ ಅದಕ್ಕೆ ಮುಂಚೆ ಬರುವ 'ಪ್ರತಿ ವರ್ಷ' ಎಂಬ ಮಾತನ್ನು ನಾವು ಗಮನಿಸದೆ ದಾಟಿಬಿಡುತ್ತೇವೆ.

ನಜರೇತಿನಿಂದ ಜೆರುಸಲೇಮಿಗೆ ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಹೋಗಲು ನಾಲ್ಕೈದು ದಿನ, ಬರಲು ಅಷ್ಟೇ ದಿನ. ಕೈಕೆಲಸ ಮಾಡಿ ಬದುಕುವ ಬಡಗಿಗೆ ಅಷ್ಟು ದಿನದ ಸಂಪಾದನೆ ಹೋದಂತೆ. ಆದರೂ ಅವರು ಹೋದರು, ಮರುವರ್ಷವೂ ಹೋದರು. ಒಂಟಿಯಾಗಿ ಅಲ್ಲ, ಊರವರು, ಬಂಧುಬಳಗ ಎಲ್ಲ ಸೇರಿ ಗುಂಪಾಗಿ. ಹಿಂದಿರುಗುವಾಗ ಮಗ ಜೊತೆಯಲ್ಲಿಲ್ಲವೆಂದು ತಂದೆತಾಯಿಗೆ ತಿಳಿದದ್ದು ಒಂದು ದಿನದ ದಾರಿ ನಡೆದ ಮೇಲೆ. ನೆಂಟರ ಗುಂಪಿನಲ್ಲಿ ಎಲ್ಲೋ ಇದ್ದಾನೆ ಎಂದುಕೊಂಡಿದ್ದರು. ಇಂದಿನ ತಾಯಂದಿರಿಗೆ ಇದನ್ನು ಓದಿದರೆ ಎದೆ ಧಸಕ್ಕೆನ್ನಬಹುದು. ನನಗೆ ಮಾತ್ರ ಬೇರೊಂದು ಯೋಚನೆ ಬರುತ್ತದೆ. ಮಗನನ್ನು ಯಾರಾದರೂ ನೋಡಿಕೊಳ್ಳುತ್ತಾರೆಂದು ಇಡೀ ದಿನ ನಂಬಿ ನಡೆಯುವಷ್ಟು ನೆಂಟಸ್ತಿಕೆ ಅವರಿಗಿತ್ತಲ್ಲ! ಈ ಮಾತಿಗೆ ಆಮೇಲೆ ಬರುತ್ತೇನೆ.

ಕೀರ್ತನೆಗಳ ಗ್ರಂಥದಲ್ಲಿ 120ರಿಂದ 134ರವರೆಗಿನ ಹದಿನೈದು ಕೀರ್ತನೆಗಳಿಗೆ ಯಾತ್ರಾಗೀತೆಗಳೆಂದು ಹೆಸರು. ಜೆರುಸಲೇಮಿನ ಬೆಟ್ಟ ಹತ್ತುವ ಯಾತ್ರಿಕರು ಹಾಡುತ್ತಿದ್ದ ಹಾಡುಗಳು ಅವು ಎಂಬುದು ಸಂಪ್ರದಾಯ. ಹಬ್ಬಕ್ಕೆ ಹೋಗುವವರು ದಾರಿಯನ್ನೂ ಪ್ರಾರ್ಥನೆ ಮಾಡಿಕೊಂಡಿದ್ದರು.

ನಮ್ಮಲ್ಲೂ ಇದು ಹೊಸದಲ್ಲ. ಜೂನ್ 13 ಬಂತೆಂದರೆ ಡೋರ್ನಹಳ್ಳಿಯ ಸಂತ ಅಂತೋಣಿಯವರ ಸನ್ನಿಧಿಗೆ ಜನ ಸೇರುತ್ತಾರೆ, ಅವರಲ್ಲಿ ಕ್ರೈಸ್ತರಲ್ಲದವರೂ ಬಹಳ. ಜನವರಿಯಲ್ಲಿ ಕಾರ್ಕಳದ ಅತ್ತೂರಿಗೆ ಸಂತ ಲಾರೆನ್ಸರ ಹಬ್ಬಕ್ಕೆ, ಸೆಪ್ಟೆಂಬರ್ 8ಕ್ಕೆ ಬೆಂಗಳೂರಿನ ಶಿವಾಜಿನಗರಕ್ಕೋ ವೇಳಾಂಗಣಿಗೋ ಹೋಗುತ್ತಾರೆ. ಆಗಸ್ಟ್ 29ರಂದು ವೇಳಾಂಗಣಿಯಲ್ಲಿ ಬಾವುಟ ಏರಿತೆಂದರೆ ನಮ್ಮ ಎಷ್ಟೋ ಮನೆಗಳಲ್ಲಿ ಕಾವಿ ಬಟ್ಟೆ ಪೆಟ್ಟಿಗೆಯಿಂದ ಹೊರಗೆ ಬರುತ್ತದೆ.

ಹೋಗಿಬಂದರೆ ನಮಗೇನು ಲಾಭ ಎಂದು ಯುವಕರು ಕೇಳುತ್ತಾರೆ. ಕೇಳಲಿ, ಪ್ರಶ್ನೆ ತಪ್ಪಲ್ಲ. ಮನೆಯಲ್ಲಿ ನಮಗೆ ನಮ್ಮ ಕುರ್ಚಿ, ನಮ್ಮ ತಟ್ಟೆ, ನಮ್ಮ ಮಾತೇ ನಡೆಯಬೇಕೆಂಬ ಹಟ ಇರುತ್ತದೆ. ಯಾತ್ರೆಯಲ್ಲಿ ಆ ಕುರ್ಚಿ ಇರುವುದಿಲ್ಲ. ಕಚೇರಿಯ ಮೇಲಧಿಕಾರಿಯೂ ನಲ್ಲಿಯ ಮುಂದೆ ಬಕೆಟ್ ಹಿಡಿದು ಸರದಿಯಲ್ಲಿ ನಿಲ್ಲಬೇಕು. ಛತ್ರದ ನೆಲದ ಮೇಲೆ ಪಕ್ಕದಲ್ಲಿ ಮಲಗಿದವರ ಭಾಷೆ ಬಾರದಿದ್ದರೂ ಅವರು ಕೊಟ್ಟ ಪುಳಿಯೋಗರೆಯನ್ನು ಕೈಯೊಡ್ಡಿ ತೆಗೆದುಕೊಳ್ಳಬೇಕು. ಕೊಡುವುದಕ್ಕಿಂತ ತೆಗೆದುಕೊಳ್ಳುವುದು ನಮ್ಮಂಥವರಿಗೆ ಕಷ್ಟ. ಮಕ್ಕಳೂ ಒಂದು ಸಂಗತಿ ಕಲಿಯುತ್ತಾರೆ: ಅಪ್ಪನಿಗೂ ಎಲ್ಲ ದಾರಿ ಗೊತ್ತಿಲ್ಲ, ಅಪ್ಪನೂ ಯಾರನ್ನೋ ಕೇಳಬೇಕು.

ಒಮ್ಮೆ ಹೋಗುವುದಕ್ಕೂ ವರ್ಷ ವರ್ಷ ಹೋಗುವುದಕ್ಕೂ ವ್ಯತ್ಯಾಸವಿದೆ. ಮೊದಲ ಸಲ ನಾವು ಊರು ನೋಡುತ್ತೇವೆ. ಹತ್ತನೆಯ ಸಲ ನಮ್ಮನ್ನೇ ನೋಡಿಕೊಳ್ಳುತ್ತೇವೆ. ಅದೇ ದೇವಾಲಯ, ಅದೇ ಮೆಟ್ಟಿಲು. ಹೋದ ವರ್ಷ ಸರಸರ ಹತ್ತಿದ ತಂದೆ ಈ ವರ್ಷ ಅರ್ಧದಲ್ಲಿ ಕೂತರು. ಹೆಗಲ ಮೇಲಿದ್ದ ಮಗು ಈಗ ಅಜ್ಜಿಯ ಚೀಲ ಹೊತ್ತಿದೆ. ಹಿಂದೆ ಕೆಲಸ ಸಿಗಲೆಂದು ಬೇಡಿದ ಜಾಗದಲ್ಲೇ ನಿಂತು, ಸಿಕ್ಕ ಕೆಲಸದ ಬಗ್ಗೆ ಗೊಣಗುತ್ತಿರುವುದು ಥಟ್ಟನೆ ಅರಿವಿಗೆ ಬರುತ್ತದೆ. ಮನೆಯಲ್ಲೇ ಇದ್ದರೆ ಈ ಲೆಕ್ಕ ಸಿಗದು; ದಿನಗಳು ಒಂದಕ್ಕೊಂದು ಅಂಟಿಕೊಂಡು ಹೋಗಿಬಿಡುತ್ತವೆ.

ಸಾಲ ಮಾಡಿ ಯಾತ್ರೆ ಹೋಗುವವರಿದ್ದಾರೆ. ಅದು ಬೇಡ. ಬಡ್ಡಿ ಕಟ್ಟುತ್ತಾ ಮನೆಯಲ್ಲಿ ಜಗಳವಾಡಿಸುವ ಹರಕೆಯನ್ನು ಯಾವ ಸಂತರೂ ಕೇಳುವುದಿಲ್ಲ.

ಇಷ್ಟೆಲ್ಲ ಬರೆಯುವ ನನ್ನ ಯಾತ್ರೆಯ ಕಥೆಯನ್ನೂ ಹೇಳಬೇಕು. ನಮ್ಮದು ಮೈಸೂರು. 2024ರ ಸೆಪ್ಟೆಂಬರಿನಲ್ಲಿ ವಾಡಿಕೆಯಂತೆ ವೇಳಾಂಗಣಿಗೆ ಹೋಗಿದ್ದೆವು. ಮೇಣದಬತ್ತಿ ಕೊಳ್ಳುವಾಗ ನನ್ನ ಹೆಂಡತಿ ಒಂದೊಂದೇ ಹೆಸರು ಹೇಳಿ ಎಣಿಸುತ್ತಿದ್ದಳು. ಕೊನೆಗೆ, "ದೊಡ್ಡಮ್ಮನ ಹೆಸರಿಗೂ ಒಂದಿರಲಿ ರೀ, ಮಂಡಿನೋವಂತೆ" ಎಂದಳು. ನಾನು ದುಡ್ಡು ಕೊಟ್ಟೆ, ಬತ್ತಿ ಹಚ್ಚಿದೆ. ಹಚ್ಚಿದ ಮೇಲೆ ಕೈ ಮುಗಿಯಲು ಆಗಲಿಲ್ಲ.

ದೊಡ್ಡಮ್ಮ ಇರುವುದು ಹುಣಸೂರಿನ ಆಚೆಯ ಹಳ್ಳಿಯಲ್ಲಿ. ನಮ್ಮ ಮನೆಯಿಂದ ಎರಡು ಗಂಟೆಯ ಬಸ್ಸು, ಮೇಲೆ ಸ್ವಲ್ಪ ನಡಿಗೆ. ಕೆರೆಯಂಚಿನ ಅರ್ಧ ಎಕರೆಯ ಪಾಲಿನ ವಿಷಯದಲ್ಲಿ ಮಾತಿಗೆ ಮಾತು ಬೆಳೆದು ನಾನು ಆ ಮನೆಯ ಹೊಸ್ತಿಲು ಬಿಟ್ಟು ಎಂಟು ವರ್ಷವಾಗಿತ್ತು. ಆ ಎಂಟು ವರ್ಷದಲ್ಲಿ ವೇಳಾಂಗಣಿಗೆ ಐದು ಸಲ ಹೋಗಿದ್ದೆ. ರಾತ್ರಿಯಿಡೀ ಪ್ರಯಾಣ ಮಾಡಿ, ಸಮುದ್ರದ ದಡದಲ್ಲಿ ನಿಂತು ಆಕೆಗಾಗಿ ಪ್ರಾರ್ಥಿಸುವ ನನಗೆ ಹುಣಸೂರಿನ ಬಸ್ಸು ಹತ್ತಲಾಗಿರಲಿಲ್ಲ. ಬಿಡುವಿಲ್ಲ, ಖರ್ಚು ಎಂಬ ನೆವಗಳಿದ್ದವು. 2023ರ ಜೂನ್‌ನಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಬಂದ ಮೇಲೆ ಹೆಂಡತಿ ಎರಡು ಸಲ ಕೇಳಿದ್ದಳು. ಖರ್ಚಿನ ನೆವವೂ ಹೋಗಿತ್ತು. ಉಳಿದದ್ದು ನನ್ನ ಹಟ ಒಂದೇ.

ಆಗಮನ ಕಾಲದ ಒಂದು ಭಾನುವಾರ ಬಲಿಪೂಜೆ ಮುಗಿಸಿಕೊಂಡು ಹೊರಟೆವು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ದೊಡ್ಡಮ್ಮ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ಯಾರು, ನೀನಾ? ಬಿಸಿಲಲ್ಲಿ ಬಂದಿದ್ದೀಯ, ಮಜ್ಜಿಗೆ ಕುಡಿ ಮೊದಲು" ಎಂದರು. ಜೋಡಿಸಿಕೊಂಡ ಮಾತೊಂದೂ ಬಾಯಿಗೆ ಬರಲಿಲ್ಲ. ಕ್ಷಮೆ ಕೇಳಿದ್ದು ಊಟವಾದ ಮೇಲೆ, ಅದೂ ತಡವರಿಸಿ. ಜಮೀನಿನ ವಿಷಯ ಆ ದಿನ ತೀರ್ಮಾನವಾಗಲಿಲ್ಲ, ಇನ್ನೂ ಆಗಿಲ್ಲ. ಆದರೆ ಈಗ ತಿಂಗಳಿಗೊಮ್ಮೆ ಹೋಗಿಬರುತ್ತೇವೆ.

ಮಾತೆ ಮರಿಯಳು ದೇವದೂತನ ಸಂದೇಶ ಕೇಳಿದ ಮೇಲೆ ಮಾಡಿದ ಮೊದಲ ಪ್ರಯಾಣವನ್ನು ನೆನೆಯೋಣ. ಆಕೆ ಅವಸರವಾಗಿ ಹೊರಟದ್ದು ನೆಂಟಳಾದ ಎಲಿಜಬೇತಳ ಮನೆಗೆ (ಲೂಕ 1:39). ಮುಪ್ಪಿನಲ್ಲಿ ಗರ್ಭಿಣಿಯಾಗಿದ್ದ ಹೆಂಗಸಿನ ಮನೆಯಲ್ಲಿ ಸುಮಾರು ಮೂರು ತಿಂಗಳು ಇದ್ದಳು. ಮುಖ ತೋರಿಸಿ, ಕಾಫಿ ಕುಡಿದು ಹೊರಡುವ ಭೇಟಿ ಅದಲ್ಲ. ನಾವು ಜಪಸರದಲ್ಲಿ ಇದನ್ನು ಸಂತೋಷದ ರಹಸ್ಯವೆಂದು ಧ್ಯಾನಿಸುತ್ತೇವೆ.

'ಭರವಸೆಯ ಯಾತ್ರಿಕರು' ಎಂಬ ಧ್ಯೇಯದೊಂದಿಗೆ 2025ರ ಪವಿತ್ರ ವರ್ಷವನ್ನು ಧರ್ಮಸಭೆ ಆಚರಿಸಿತು. ಅದಕ್ಕಾಗಿ ಪವಿತ್ರಪೀಠವು 2024ರ ಮೇ ತಿಂಗಳಲ್ಲಿ ಹೊರಡಿಸಿದ ಆದೇಶದಲ್ಲಿ ಒಂದು ಮಾತಿತ್ತು. ರೋಗಿಗಳು, ಸೆರೆಯಲ್ಲಿರುವವರು, ಒಂಟಿಯಾದ ವೃದ್ಧರು, ಅಂಗವಿಕಲರು, ಇಂಥವರ ಬಳಿಗೆ ಹೋಗಿ ಅವರೊಡನೆ ಸಾಕಷ್ಟು ಸಮಯ ಕಳೆಯುವುದು ಅವರಲ್ಲಿರುವ ಕ್ರಿಸ್ತರ ಬಳಿಗೆ ಯಾತ್ರೆ ಹೋದಂತೆಯೇ ಎಂದು ಅದು ಹೇಳಿತು. ನಿಬಂಧನೆಗಳನ್ನು ಪಾಲಿಸಿ ಹಾಗೆ ಭೇಟಿ ಮಾಡಿದವರಿಗೂ ಪವಿತ್ರ ವರ್ಷದ ದಂಡವಿಮೋಚನೆ ದೊರೆಯುವಂತಿತ್ತು. ರೋಮಿಗೆ ಹೋಗಲು ಆಗದವರಿಗೆ ತೋರಿಸಿದ ರಿಯಾಯಿತಿ ಇದೆಂದು ಕೆಲವರು ತಿಳಿದರು. ನನಗೆ ಹಾಗೆನಿಸುವುದಿಲ್ಲ. ವೇಳಾಂಗಣಿಯ ದಾರಿಗಿಂತ ಹುಣಸೂರಿನ ದಾರಿ ನನಗಂತೂ ಕಷ್ಟವಾಗಿತ್ತು.

ಕುಟುಂಬದಲ್ಲಿ ಕೂತು ಮಾತನಾಡಲು: ಈ ವರ್ಷ ನಾವು ಮನೆಮಂದಿಯೆಲ್ಲ ಸೇರಿ ಹೋಗಬಹುದಾದ, ಸಾಲವಿಲ್ಲದೆ ಮುಗಿಸಬಹುದಾದ ಯಾತ್ರೆ ಯಾವುದು? ನಮ್ಮ ಧರ್ಮಕೇಂದ್ರದಲ್ಲಿ ಯಾತ್ರೆಗೆ ಬರಲು ಆಸೆಯಿದ್ದೂ ಕಾಲಿಲ್ಲದವರು, ಜೊತೆಯಿಲ್ಲದವರು ಯಾರಿದ್ದಾರೆ? ಒಂದು ದಿನದಲ್ಲಿ ಹೋಗಿಬರುವಷ್ಟು ಹತ್ತಿರವಿದ್ದೂ ನಾವು ವರ್ಷಗಳಿಂದ ಹೋಗದಿರುವ ಮನೆ ಯಾರದು?